ಹಕಾರದ ಚಿಕಿತ್ಸೆ

ಸ್ಪೀಚ್ ಥೆರಪಿಯಲ್ಲಿ ಎಂ.ಎಸ್‌ಸಿ. ಮಾಡಿದರೆ ಹೇಗಿರುತ್ತದೆ ಎಂದು ಈಗಲೂ ಯಾರಾದರೊಬ್ಬರು ಫೋನ್ ಮಾಡಿ ಕೇಳುತ್ತಾರೆ. ಬಹಳ ಚೆನ್ನಾಗಿರುತ್ತದೆ ಎನ್ನುತ್ತೇನೆ. ಎರಡು ವರ್ಷ ಗಂಟಲಿನ ಸ್ನಾಯುಗಳ ಹೆಸರು ಬಾಯಿಪಾಠ ಮಾಡುತ್ತೀರಿ, ನಿಮ್ಮ ಗಂಟಲು ಒಣಗಿದ್ದು ಮಾತ್ರ ಯಾರಿಗೂ ಕಾಣುವುದಿಲ್ಲ. ಕ್ಲಿನಿಕ್ಕಿನಲ್ಲಿ ಇಷ್ಟು ಗಂಟೆ ಚಿಕಿತ್ಸೆ ಕೊಟ್ಟಿರಲೇಬೇಕೆಂಬ ನಿಯಮವಿದೆ. ರೋಗಿ ಬರದಿದ್ದರೆ ಆ ಗಂಟೆ ಲೆಕ್ಕಕ್ಕಿಲ್ಲ. ಹಾಗಾಗಿ ದೇವರೇ, ಯಾರದಾದರೂ ನಾಲಿಗೆ ತೊದಲಲಿ ಎಂದು ಬೇಡಿಕೊಳ್ಳುವ ಮಟ್ಟಕ್ಕೆ ಇಳಿಯುತ್ತೀರಿ. ಮನೆಯಲ್ಲಿ ಗೌರವವೂ ಹೆಚ್ಚುತ್ತದೆ. ನಮ್ಮ ದೊಡ್ಡಪ್ಪ ಬಂದವರಿಗೆಲ್ಲ ನನ್ನನ್ನು ಮಾತಿನ ಡಾಕ್ಟರ್ ಎಂದು ಪರಿಚಯಿಸಿದರು. ಆಮೇಲೆ ಮೆಲ್ಲಗೆ, ದೊಡ್ಡಮ್ಮನ ಮಾತು ಕಡಿಮೆ ಮಾಡಲು ಮಾತ್ರೆ ಏನಾದರೂ ಇದೆಯೇ ಎಂದು ವಿಚಾರಿಸಿದರು.

ನಾವು ಹೊಸ ತಿಪ್ಪಸಂದ್ರದವರು, ಅಲ್ಲಿ ಮಾರ್ಕೆಟ್ ರಸ್ತೆ ಬರುವ ಮೊದಲು ರಾಗಿ ಬೆಳೆದವರು. ನಮ್ಮ ಮನೆಯಲ್ಲಿ ಹಾಲು ಅಂದರೆ ಆಲು, ಹೂವು ಅಂದರೆ ಊವು. ಹೇಳು ಎನ್ನುವುದೂ ಏಳು, ಎದ್ದೇಳು ಎನ್ನುವುದೂ ಏಳು, ಆರರ ನಂತರ ಬರುವುದೂ ಏಳು. ಏನಾಯ್ತು ಏಳು ಎಂದಾಗ ಯಾರೂ ಎದ್ದು ನಿಂತದ್ದನ್ನು ನಾನು ಕಂಡಿಲ್ಲ. ಇದೊಂದು ಕಾಯಿಲೆ ಎಂದು ಗೊತ್ತಾಗಿದ್ದು ಕಾಲೇಜು ಸೇರಿದ ಮೇಲೆ. ಮೊದಲ ಸೆಮಿನಾರಿನಲ್ಲೇ ನಮ್ಮ ಮೇಡಂ ನನ್ನನ್ನು ತಡೆದು, ಮಾತು ಕಲಿಸುವವರ ಬಾಯಲ್ಲೇ ಹಕಾರ ಇಲ್ಲದಿದ್ದರೆ ಗತಿಯೇನು ಎಂದು ಎಲ್ಲರ ಮುಂದೆ ಕೇಳಿದರು. ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಅಂದಿನಿಂದ ಬಸ್ಸಿನಲ್ಲಿ ಹಲಸೂರು ದಾಟಿ ಶಿವಾಜಿನಗರ ಬರುವವರೆಗೂ ಹಾಲು, ಹಣ್ಣು, ಹೂವು ಎಂದು ಗೊಣಗುತ್ತಿದ್ದೆ. ಪಕ್ಕದ ಸೀಟಿನವರು, ಪಾಪ, ಮನೆಯಲ್ಲಿ ಏನೋ ಪೂಜೆ ಇರಬೇಕು ಎಂದುಕೊಂಡಿರುತ್ತಾರೆ.

ಶಿವಾಜಿನಗರದಲ್ಲಿದ್ದ ನಮ್ಮ ಕಾಲೇಜಿನ ಕ್ಲಿನಿಕ್ಕಿಗೆ ಬರುವ ತಾಯಂದಿರು ಆಟೋದವನ ಹತ್ತಿರ ದಖನಿ ಉರ್ದುವಿನಲ್ಲಿ ಜಗಳವಾಡಿ, ಮಗುವನ್ನು ತಮಿಳಿನಲ್ಲಿ ಮುದ್ದಿಸಿ, ನಮಗೆ ಕನ್ನಡದಲ್ಲಿ ನಮಸ್ಕಾರ ಹೇಳುತ್ತಿದ್ದರು. ಮಗುವಿಗೆ ಗೊಂದಲವಾಗುತ್ತದೆ, ಮನೆಯಲ್ಲಿ ಒಂದೇ ಭಾಷೆ ಆಡಿ ಎಂದು ಅವರಿಗೆ ಉಪದೇಶ ಮಾಡುವುದು ನಮ್ಮ ಕೆಲಸ. ಅವರು ಮೂರು ಭಾಷೆಯಲ್ಲೂ ಆಯಿತು ಎಂದು ಹೇಳಿ ಹೋಗುತ್ತಿದ್ದರು.

ಎರಡನೇ ವರ್ಷ ಕೆ.ಆರ್. ಪುರದ ಕಡೆಯ ಹಳೇ ಊರಿನಿಂದ ಒಬ್ಬ ಅಜ್ಜಿ ಐದು ವರ್ಷದ ಮೊಮ್ಮಗಳನ್ನು ಕರೆದುಕೊಂಡು ಬಂದರು. ಹುಡುಗಿಗೆ ಹಕಾರ ಬರುವುದಿಲ್ಲವಂತೆ, ಸರಿಮಾಡಿಸದಿದ್ದರೆ ಒಂದನೇ ಕ್ಲಾಸಿಗೆ ಸೇರಿಸುವುದಿಲ್ಲ ಎಂದು ಸ್ಕೂಲಿನವರು ಹೇಳಿದ್ದರು. ಹುಡುಗಿಯೋ, ಕುರ್ಚಿ ಹತ್ತುವ ಮೊದಲೇ ಮಾತು ಶುರುಮಾಡಿದ್ದಳು. ಗೇಟಿನ ನಾಯಿ, ಮಾವನ ಹೊಸ ಬೈಕು, ಬಚ್ಚಲುಮನೆಯ ಹಲ್ಲಿ, ಎಲ್ಲದರ ವರದಿಯೂ ಹಕಾರವಿಲ್ಲದೆ ಸರಾಗವಾಗಿ ಬಂತು. ನನಗೆ ನಮ್ಮ ಮನೆಯ ಜಗಲಿಯ ಮೇಲೆ ಕೂತಂತಾಯಿತು.

ಇದು ಅವರ ಮನೆಮಾತು, ದೋಷವಲ್ಲ ಎಂದು ಮೇಡಂಗೆ ಹೇಳಿದೆ. ಆಡುನುಡಿ ಬೇರೆ, ಮಾತಿನ ದೋಷ ಬೇರೆ ಎಂದು ನಮ್ಮ ಪುಸ್ತಕದಲ್ಲೇ ಇತ್ತು, ಹಾಗೆ ಬರೆದು ನಾನು ಮಾರ್ಕ್ಸೂ ತೆಗೆದುಕೊಂಡಿದ್ದೆ. ಅದು ಪರೀಕ್ಷೆಗೆ, ಇದು ಕ್ಲಿನಿಕ್ಕು ಎಂದರು ಮೇಡಂ. ನನ್ನ ಗಂಟೆಗಳು ಇನ್ನೂ ತುಂಬಿಲ್ಲ ಎಂಬುದನ್ನೂ ನೆನಪಿಸಿದರು.

ಚಿಕಿತ್ಸೆ ನಡೆಯಿತು. ಅಂಗೈಯನ್ನು ಬಾಯಿ ಮುಂದೆ ಹಿಡಿದು ಹಾ ಅನ್ನು, ಗಾಳಿ ತಾಗಿದರೆ ಸರಿ. ಹುಡುಗಿ ಚುರುಕು, ಬೇಗ ಕಲಿತಳು. ಕಲಿತ ಮೇಲೆ ಕೇಳಬೇಕೇ, ಸಿಕ್ಕಸಿಕ್ಕಲ್ಲೆಲ್ಲ ಹಕಾರ. ಅಮ್ಮ ಹಮ್ಮ ಆದಳು, ಆನೆ ಹಾನೆಯಾಯಿತು, ಅಜ್ಜಿ ಹಜ್ಜಿಯಾದರು. ಮೇಡಂ ಸಂತೋಷಪಟ್ಟು, ಇನ್ನು ಹೆಚ್ಚಾದ ಹಕಾರ ತೆಗೆಯಲು ಬೇರೆ ಚಿಕಿತ್ಸೆ ಶುರುಮಾಡು ಎಂದರು. ಗಂಟೆಗಳಿಗೇನೂ ಬರವಿರಲಿಲ್ಲ.

ಅಷ್ಟರಲ್ಲಿ ಹುಡುಗಿ ಮಾತು ನಿಲ್ಲಿಸಿಬಿಟ್ಟಳು. ಏನು ಕೇಳಿದರೂ ನನ್ನ ಮುಖ ನೋಡುವಳು, ತಲೆಯಾಡಿಸುವಳು. ನಾಯಿಯ ಸುದ್ದಿಯಿಲ್ಲ, ಮಾವನ ಬೈಕಿನ ಸುದ್ದಿಯಿಲ್ಲ. ಒಂದು ದಿನ ಅಜ್ಜಿ ನನ್ನನ್ನು ಪಕ್ಕಕ್ಕೆ ಕರೆದರು.

"ಮೊದ್ಲು ಬಾಯೇ ಮುಚ್ತಿರ್ಲಿಲ್ಲ ಕಣವ್ವ. ಈಗ ನನ್ನ ಕರೆಯೋದೇ ಇಲ್ಲ, ಸೆರಗ್ ಇಡ್ಕೊಂಡ್ ಎಳೀತಾಳೆ. ತಪ್ಪಾಯ್ತದೆ ಅಂತಾಳೆ."

ನೇರ ಮೇಡಂ ರೂಮಿಗೆ ಹೋದೆ.

"ಮೇಡಂ, ಆ ಮಗೂಗೆ ಏನೂ ಆಗಿಲ್ಲ. ನಮ್ ಕಡೆ ಎಲ್ರೂ ಇಂಗೇ ಮಾತಾಡೋದು."

"ಇಂಗೇ ಅಲ್ಲ, ಹೀಗೇ" ಎಂದರು ಮೇಡಂ.

"ಇಂಗೇ" ಎಂದೆ.

ಮುಂದಿನದನ್ನು ಬರೆಯುವುದು ಬೇಡ. ನನ್ನ ಭವಿಷ್ಯ, ನನ್ನ ನಾಲಿಗೆ, ಎರಡರ ಬಗ್ಗೆಯೂ ವಿವರವಾದ ಅಭಿಪ್ರಾಯ ಸಿಕ್ಕಿತು. ನಾನು ಅಲ್ಲಾಡಲಿಲ್ಲ. ಕೊನೆಗೆ, ಮಗುವಿಗೆ ಯಾವ ದೋಷವೂ ಇಲ್ಲವೆಂದು ಸ್ಕೂಲಿಗೆ ತಿಳಿಸಲು ಅವರು ಒಪ್ಪಿದರು. ಬಹುಶಃ ಊಟದ ಹೊತ್ತಾಗಿತ್ತು.

ಹೊರಗೆ ಬೆಂಚಿನ ಮೇಲೆ ಅಜ್ಜಿ, ಮೊಮ್ಮಗಳು ಕಾಯುತ್ತಿದ್ದರು. ಇನ್ನು ಬರುವುದು ಬೇಡ, ಒಂದನೇ ಕ್ಲಾಸಿಗೆ ಸೇರಿಸಿಕೊಳ್ಳುತ್ತಾರೆ ಎಂದೆ. ಅಜ್ಜಿ ನಂಬದವರಂತೆ ನೋಡಿದರು. ನಾನು ಹುಡುಗಿಯ ಮುಂದೆ ಕುಕ್ಕರಗಾಲಲ್ಲಿ ಕೂತೆ.

"ಮನೇಗ್ ಓಗಿ ಏನವ್ವ ಮಾಡ್ತೀಯಾ?"

ಅವಳು ನನ್ನ ಬಾಯನ್ನೇ ನೋಡಿದಳು. ಹತ್ತಿರ ಬಂದು ಗುಟ್ಟಾಗಿ ಕೇಳಿದಳು.

"ಮಿಸ್, ನಿಮ್ಗೂ ಬರಲ್ವಾ?"

"ಇಲ್ಲ ಕಣವ್ವ. ನಂಗೂ ಬರಲ್ಲ."

ಹುಡುಗಿ ಗಕ್ಕನೆ ತಿರುಗಿ, ಕ್ಲಿನಿಕ್ಕಿಗೆಲ್ಲ ಕೇಳಿಸುವಂತೆ ಕೂಗಿದಳು.

"ಅಜ್ಜಿ, ಮಿಸ್‌ಗೂ ಬರಲ್ವಂತೆ."