ಹಾಡು ಬ್ಯಾಡ, ಹೆಸರು ಹೇಳ್ರಿ

೨೦೦೩ರಲ್ಲಿ ನಾನು ಚಿತ್ರದುರ್ಗದ ಒಂದು ಸಣ್ಣ ಜಾಹೀರಾತು ಸಂಸ್ಥೆಯಲ್ಲಿ ರೇಡಿಯೋ ನಿರೂಪಕನಾಗಿದ್ದೆ. ಎಫ್‌ಎಂನಲ್ಲಿ ದಿನಕ್ಕೊಂದು ಗಂಟೆಯ ಸಮಯವನ್ನು ನಮ್ಮ ಸಂಸ್ಥೆ ಕೊಂಡುಕೊಂಡು, ಸಿನಿಮಾ ಹಾಡುಗಳ ನಡುವೆ ಸುತ್ತಲಿನ ಅಂಗಡಿಗಳ ಜಾಹೀರಾತು ಬಿಡುತ್ತಿತ್ತು. ಹೀಗೆ ಕೊಂಡ ಸಮಯಕ್ಕೆ ಸ್ಲಾಟ್ ಎನ್ನುತ್ತಿದ್ದೆವು. ತೊಂಬತ್ತರ ದಶಕದ ಕೊನೆಯಲ್ಲಿ ಈ ಕಾರ್ಯಕ್ರಮ ಶುರುವಾದಾಗ ಕೇಳುಗರ ಹಾಡಿನ ಕೋರಿಕೆಗಳು ಅಂಚೆ ಕಾರ್ಡಿನಲ್ಲಿ ಬರುತ್ತಿದ್ದವು. ಆಮೇಲೆ ಊರೂರಿಗೆ ಎಸ್‌ಟಿಡಿ ಬೂತ್ ಬಂದು, ಜನ ನೇರಪ್ರಸಾರದಲ್ಲೇ ಫೋನ್ ಮಾಡತೊಡಗಿದರು.

ನಮ್ಮ ಕಡೆಯವರ ಕೋರಿಕೆಗೆ ಒಂದು ರಿವಾಜಿತ್ತು. ಹಾಡು ಯಾವುದಾದರೂ ನಡೆದೀತು, ಅದು ಯಾರ್ಯಾರಿಗೆ ಎನ್ನುವುದೇ ಮುಖ್ಯ. ಅಪ್ಪ ಅವ್ವನಿಂದ ಹಿಡಿದು ದಿನಾ ಹತ್ತುವ ಬಸ್ಸಿನ ಕಂಡಕ್ಟರ್‌ವರೆಗೆ ಹೆಸರು ಹೇಳಲೇಬೇಕು. ಒಂದು ಹೆಸರು ಬಿಟ್ಟರೆ ಲಗ್ನಪತ್ರಿಕೆಯಲ್ಲಿ ಬಿಟ್ಟಷ್ಟೇ ರಂಪ. ಎಷ್ಟೋ ಹಾಡುಗಳು ಪಲ್ಲವಿಗೇ ಮುಗಿದುಹೋಗುತ್ತಿದ್ದವು.

ಇದು ನಮ್ಮ ದೊಡ್ಡ ಜಾಹೀರಾತುದಾರ, ಹಿರಿಯೂರಿನ ಕೊಬ್ಬರಿ ಎಣ್ಣೆ ಮಿಲ್ಲಿನ ತಿಪ್ಪೇಸ್ವಾಮಿಯವರಿಗೆ ಸರಿಬರಲಿಲ್ಲ. ನನ್ನನ್ನು ಮಿಲ್ಲಿಗೇ ಕರೆಸಿಕೊಂಡರು.

“ಹಾಡು ಕೇಳಾಣ ಅಂತ ಕುಂತ್ರೆ ಓಟರ್ ಲಿಸ್ಟ್ ಓದ್ತೀರಲ್ಲಪ್ಪ. ಹೆಸರು ನಿಲ್ಲಿಸ್ರಿ, ಇಲ್ಲಾ ನನ್ನ ಜಾಹೀರಾತು ನಿಲ್ಲಿಸ್ರಿ.”

ಅವರು ಕೈಬಿಟ್ಟರೆ ಕಾರ್ಯಕ್ರಮವೇ ಬಂದ್. ನಾವು ನಾಲ್ವರು ಕೆಲಸ ಕಳೆದುಕೊಳ್ಳುತ್ತಿದ್ದೆವು. ಬೇರೆ ದಾರಿ ಕಾಣದೆ ಒಪ್ಪಿಕೊಂಡು ಬಂದೆ.

ಹೊಸ ನಿಯಮದ ಮೊದಲ ದಿನ ಮೊದಲ ಫೋನು ಚಿಕ್ಕಜಾಜೂರಿನಿಂದ ಬಂತು. ರೈಲ್ವೆ ಗ್ಯಾಂಗ್‌ಮನ್ ಒಬ್ಬರ ಹೆಂಡತಿ ಗಂಗಮ್ಮ. “ಇವತ್ತಿಂದ ಹೆಸರು ಇಲ್ಲಮ್ಮ, ಯಾವ ಹಾಡು ಬೇಕೋ ಅಷ್ಟೇ ಹೇಳಿ” ಎಂದೆ.

“ಹಂಗಾದ್ರೆ ಹಾಡು ಬ್ಯಾಡ ಅಣ್ಣ, ಹೆಸರು ಹೇಳ್ರಿ ಸಾಕು.”

ಹಿಂದಿನ ಸಲ ಫೋನ್ ಮಾಡಿದಾಗ ಓಣಿಯವರನ್ನೆಲ್ಲ ಹೇಳಿ, ಮನೆಯಲ್ಲಿದ್ದ ಅತ್ತೆಯನ್ನೇ ಆಕೆ ಮರೆತಿದ್ದಳಂತೆ. ಅಂದಿನಿಂದ ಅತ್ತೆ ಮಾತು ಬಿಟ್ಟಿದ್ದರು. “ಬೇರೆ ಒಲೆ ಹೂಡ್ಕಂಡಾರೆ ಅಣ್ಣ. ಹಿಂಗೇ ಬಿಟ್ರೆ ಮನೆ ಎರಡಾಗ್ತೈತೆ” ಎಂದಳು. ಇದೆಲ್ಲ ನೇರಪ್ರಸಾರದಲ್ಲಿ ಹೋಗುತ್ತಿತ್ತು.

ಗಾಜಿನ ಆಚೆ ಕುಳಿತಿದ್ದ ನಮ್ಮ ತಂತ್ರಜ್ಞ ಬೇಡ ಬೇಡವೆಂದು ಕೈಯಾಡಿಸಿದ. ನನಗೂ ಹೆದರಿಕೆಯಿತ್ತು, ಆದರೆ ಆ ಹೆಣ್ಣುಮಗಳ ಫೋನು ಕತ್ತರಿಸಲು ಮನಸ್ಸು ಒಪ್ಪಲಿಲ್ಲ. ಅತ್ತೆಯ ಹೆಸರು ಕೇಳಿ ತಿಳಿದುಕೊಂಡು ಗಟ್ಟಿಯಾಗಿ ಹೇಳಿದೆ: “ಚಿಕ್ಕಜಾಜೂರಿನ ಸಣ್ಣಬೋರಮ್ಮನವರಿಗಾಗಿ, ಸೊಸೆ ಗಂಗಮ್ಮನ ಕೋರಿಕೆ.”

ಕಾರ್ಯಕ್ರಮ ಮುಗಿಯುತ್ತಲೇ ತಿಪ್ಪೇಸ್ವಾಮಿಯವರ ಫೋನು ಬಂತು. ನಮ್ಮ ಅನ್ನಕ್ಕೆ ಕಲ್ಲು ಬಿತ್ತು ಎಂದುಕೊಂಡೇ ಎತ್ತಿದೆ.

“ಏನಪ್ಪ, ಆ ಅತ್ತೆ ಮಾತಾಡಿದ್ಲಾ ಇಲ್ವಾ? ಮಿಲ್ಲಿನಾಗೆ ಹೆಣ್ಮಕ್ಳೆಲ್ಲ ಕೆಲ್ಸ ಬಿಟ್ಟು ಕುಂತವ್ರೆ. ತಿಳ್ಕಂಡು ನಾಳೆ ರೇಡಿಯೋನಾಗೆ ಹೇಳ್ರಿ.”

ಹೆಸರು ನಿಲ್ಲಿಸುವ ಮಾತನ್ನು ಅವರು ಮತ್ತೆಂದೂ ಎತ್ತಲಿಲ್ಲ. ಹಟ ಹಿಡಿದವರು ಅಷ್ಟು ಸಲೀಸಾಗಿ ಬಿಟ್ಟುಕೊಟ್ಟಿದ್ದು ಅವರ ದೊಡ್ಡತನ. ಕಾರ್ಯಕ್ರಮ ಇನ್ನೂ ಹಲವು ವರ್ಷ ನಡೆದು ನಮ್ಮ ಸಂಸಾರಗಳನ್ನು ಸಾಕಿತು.

ನಾನು ಹೆಸರು ಹೇಳಿದ ಮರುದಿನ ಸಣ್ಣಬೋರಮ್ಮನವರೇ ಫೋನ್ ಮಾಡಿದರು. ಸೊಸೆ ಮಾಡಿದ ಮುದ್ದೆ ಉಂಡಿರಾ ಎಂದು ಕೇಳಿದೆ.

“ಉಂಡೆ ಕಣಪ್ಪ. ಮದುವೆ ಆಗಿ ಬಂದಾಗಿಂದ ಇವರ ಹೆಂಡ್ತಿ, ಅವರ ಅವ್ವ ಅಂತ್ಲೇ ಕರೆದ್ರು. ನನಗೂ ಒಂದು ಹೆಸರು ಐತೆ ಅಂತ ನಿನ್ನೆ ಊರಿಗೆಲ್ಲ ಗೊತ್ತಾತು.”

ಯಾವ ಹಾಡು ಬೇಕು ಎಂದೆ.

“ಯಾವುದಾದ್ರೂ ಹಾಕಪ್ಪ. ಮೊದ್ಲು ನಮ್ಮ ಗಂಗಮ್ಮನ ಹೆಸರು ಹೇಳು.”

ಒಳ್ಳೆಯ ಕಂಠ, ಒಳ್ಳೆಯ ಹಾಡು ಇದ್ದರೆ ರೇಡಿಯೋ ನಡೆಯುತ್ತದೆ ಎಂದು ನಾನು ನಂಬಿದ್ದೆ. ಅದಕ್ಕಿಂತ ದೊಡ್ಡ ಪಾಠ ಕಲಿಸಿದ್ದು ಈ ಅತ್ತೆ ಸೊಸೆ. ಅವರ ಋಣ ನನ್ನ ಮೇಲಿದೆ. ಆಮೇಲೆ ಮೈಕಿನ ಮುಂದೆ ಕುಳಿತಷ್ಟು ಕಾಲ ಯಾರ ಹೆಸರನ್ನೂ ನಾನು ಅವಸರದಲ್ಲಿ ಓದಲಿಲ್ಲ.