ನನ್ನ ಪಾಲಿನ ಸೂರ್ಯನಮಸ್ಕಾರ

ನನಗೆ ಏನೋ ಆಗಿದೆ ಎಂದು ಮೊದಲು ಗೊತ್ತಾದದ್ದು ನನಗಲ್ಲ, ನಮ್ಮ ಹಿಟ್ಟಿನ ಗಿರಣಿಗೆ ಹಸಿ ರಾಗಿ ತರುವವರಿಗೆ. ಅಜ್ಜಂಪುರದಲ್ಲಿ ಆ ಗಿರಣಿ ನಡೆಸುವುದು ನಾನು ಮತ್ತು ನಮ್ಮ ಮನೆಯವರು. ಸರಿಯಾಗಿ ಒಣಗಿಸದ ರಾಗಿ ತಂದು ಕಲ್ಲಿಗೆ ಮೆತ್ತಿಸುವವರನ್ನು ನಾನು ಬೈಯಲು ನಿಂತರೆ ಪಕ್ಕದ ಬೀದಿಯವರೂ ತಮ್ಮ ರಾಗಿಯನ್ನು ಇನ್ನೊಮ್ಮೆ ಬಿಸಿಲಿಗೆ ಹರವುತ್ತಿದ್ದರು. ಅಂಥ ನಾನು ಒಂದು ದಿನ ತೇವ ಆರದ ರಾಗಿಯನ್ನು ತುಟಿಪಿಟಕ್ಕೆನ್ನದೆ ಸುರಿದುಕೊಂಡು ಬೀಸಿಕೊಟ್ಟೆ. ತಂದವಳು ಗಾಬರಿಬಿದ್ದು ನಮ್ಮ ಮನೆಯವರ ಹತ್ತಿರ ಹೋಗಿ, "ಯಜಮಾನ್ರೇ, ಅಕ್ಕಾವ್ರು ಬೈಲೇ ಇಲ್ಲ ಕಣ್ರೀ, ಏನಾಯ್ತು?" ಎಂದು ಕೇಳಿದಳಂತೆ.

ಏನಾಯ್ತು ಅಂದರೆ ನಾನಾದರೂ ಏನು ಹೇಳಲಿ? ಬೆಳಿಗ್ಗೆ ಎಚ್ಚರವಾದ ಕೂಡಲೇ, ಅಯ್ಯೋ, ಮತ್ತೆ ಎಚ್ಚರವಾಯಿತಲ್ಲ ಎನ್ನಿಸುತ್ತಿತ್ತು. ಊಟ ಮುಂದಿಟ್ಟರೆ ಮುದ್ದೆ ಮುರಿಯುವುದೂ ದೊಡ್ಡ ಕೆಲಸ. ಕೊನೆಗೆ ಗಿರಣಿಗೆ ಹೋಗುವುದನ್ನೇ ಬಿಟ್ಟು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟೆ.

ನಮ್ಮ ಮನೆಯವರು ಬಸ್ಸು ಹತ್ತಿಸಿ ತರೀಕೆರೆಗೆ ಕರೆದುಕೊಂಡು ಹೋಗಿ ಮನಸ್ಸಿನ ಡಾಕ್ಟರ ಮುಂದೆ ಕೂರಿಸಿದರು. ಏನು ತೊಂದರೆ ಎಂದು ಡಾಕ್ಟರು ಕೇಳಿದ್ದೇ ತಡ, ಈ ಪುಣ್ಯಾತ್ಮ, "ಸಾರ್, ಇವಳು ನಂಗೆ ಬೈದು ತಿಂಗಳುಗಟ್ಲೆ ಆಯ್ತು" ಎಂದು ಕಣ್ಣೊರೆಸಿಕೊಂಡರು. ಬೇರೆ ಯಾರಾದರೂ ಆಗಿದ್ದರೆ ಶುಭಾಶಯ ಹೇಳಿ ಕಳಿಸುತ್ತಿದ್ದರೇನೋ. ಈ ಡಾಕ್ಟರು ನಗಲಿಲ್ಲ. ನಿದ್ದೆ ಹೇಗಿದೆ, ಹಸಿವು ಹೇಗಿದೆ, ಸಾಯಬೇಕು ಅನ್ನಿಸುತ್ತದೆಯಾ ಎಂದು ಒಂದೊಂದಾಗಿ ಕೇಳಿದರು. ಇದಕ್ಕೆ ಖಿನ್ನತೆ ಎನ್ನುತ್ತಾರೆ, ಬಿಪಿ ಶುಗರ್ ಇದ್ದ ಹಾಗೆ ಇದೂ ಕಾಯಿಲೆ ಎಂದು ಹೇಳಿ ಮಾತ್ರೆ ಬರೆದುಕೊಟ್ಟರು. "ಇದರ ಜೊತೆಗೆ ಯೋಗಾನೂ ಮಾಡಿ. ಮಾತ್ರೆ ಮಾತ್ರ ಬಿಡಬೇಡಿ. ಎರಡೂ ಜೊತೆಜೊತೆಗೇ ನಡೀಲಿ" ಎಂದರು.

ಮಾತ್ರೆ ನುಂಗುವುದು ಸುಲಭ. ಅಂಗೈ ಮೇಲಿಟ್ಟು ನೀರಿನ ಲೋಟ ಹಿಡಿದುಕೊಂಡು ಮನೆಯವರು ನಿಂತೇ ಇರುತ್ತಿದ್ದರು. ಯೋಗಕ್ಕೆ ಏಳಬೇಕಲ್ಲ! ಊರಿನ ಸಮುದಾಯ ಭವನದಲ್ಲಿ ರಿಟೈರಾದ ಡ್ರಿಲ್ ಮೇಷ್ಟ್ರೊಬ್ಬರು ದಿನಾ ಬೆಳಿಗ್ಗೆ ಹೆಂಗಸರಿಗೆ ಯೋಗ ಹೇಳಿಕೊಡುತ್ತಿದ್ದರು. ಮನೆಯಿಂದ ಅಲ್ಲಿಗೆ ಕೂಗಳತೆ ದೂರ. ನನಗೋ ಹಾಸಿಗೆಯಿಂದ ಬಚ್ಚಲಿಗೆ ಹೋಗುವುದೇ ಕಾಶಿಯಾತ್ರೆ.

ಆಗ ನಡುವೆ ಬಂದವಳು ಎದುರುಮನೆ ಅಕ್ಕ. ಈರುಳ್ಳಿ ಬೆಳೆಯುವ ಹೆಂಗಸು, ಮೆಲ್ಲಗೆ ಮಾತಾಡುವುದೇ ಗೊತ್ತಿಲ್ಲ. ಅವಳಿಗೂ ನಮಗೂ ಮೊದಲಿಂದ ಮುಯ್ಯಾಳಿನ ಸಂಬಂಧ. ನಮ್ಮ ರಾಗಿ ಕೊಯ್ಲಿಗೆ ಅವಳು ಬಂದರೆ ಅವಳ ಈರುಳ್ಳಿ ಕೀಳಲು ನಾನು ಹೋಗಬೇಕು. ಕೂಲಿ ಇಲ್ಲ, ಆಳಿಗೆ ಆಳು. ಯಾರಿಗಾದರೂ ಬರಲು ಆಗದಿದ್ದರೆ ಅವರ ಬದಲಿಗೆ ಇನ್ನೊಬ್ಬರು ಹೋಗಬೇಕು. ಅಂತೂ ಮುಯ್ಯಿ ತಪ್ಪುವ ಹಾಗಿಲ್ಲ.

"ಲೇ, ಕೊಯ್ಲಿಗೆ ನಾನು ನಿಂಗೆ ಬರಲ್ವಾ? ಹಂಗೇ ಯೋಗಕ್ಕೂ ಬತ್ತೀನಿ. ಮುಯ್ಯಿ ಅನ್ಕೋ. ಏಳೇ ಮೇಲೆ!" ಎಂದು ಅಕ್ಕ ರಟ್ಟೆ ಹಿಡಿದು ಎಬ್ಬಿಸಿದಳು. ಒಂದೆರಡು ದಿನ ಹೋಗಿ ಹಿಂದಿನ ಸಾಲಿನಲ್ಲಿ ನಿಂತು ಬಂದೆ. ಆಮೇಲೆ ಒಂದು ದಿನ ಕಂಬಳಿ ಮುಸುಕೆಳೆದುಕೊಂಡು ಅಲ್ಲಾಡಲಿಲ್ಲ. ಅಕ್ಕ ಬಾಗಿಲಲ್ಲಿ ಕೂಗಿ ಕೂಗಿ ಸುಮ್ಮನಾದಳು. ಸದ್ಯ, ಪೀಡೆ ತೊಲಗಿತು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಬೆವರು ಸುರಿಸುತ್ತಾ ಬಂದು ನನ್ನ ಹಾಸಿಗೆ ಪಕ್ಕ ಕುಕ್ಕರಿಸಿದಳು.

"ನೀನು ಮಲ್ಕೋ. ನಿನ್ ಪಾಲಿಂದೂ ಮಾಡ್ಬಿಟ್ಟು ಬಂದೆ ಕಣೇ" ಎಂದಳು.

ತಮಾಷೆಗಲ್ಲ, ನಿಜವಾಗಿಯೂ ಮಾಡಿಬಂದಿದ್ದಳು. ಅಂದಿನಿಂದ ದಿನಾ ಅದೇ. ಎಲ್ಲರೂ ಸೂರ್ಯನಮಸ್ಕಾರ ಮುಗಿಸಿ ಅಂಗಾತ ಮಲಗಿದ್ದರೆ ಅಕ್ಕ ಒಬ್ಬಳೇ ಇನ್ನೂ ಬಗ್ಗಿ ಏಳುತ್ತಿದ್ದಳಂತೆ. ಅದೇನಮ್ಮಾ ಎಂದು ಮೇಷ್ಟ್ರು ಕೇಳಿದರೆ, "ನಂದು ಆಯ್ತು ಸಾರ್. ಇದು ಎದುರುಮನೆಯೋಳ್ದು" ಎಂದಳಂತೆ. ಒಂಟಿಕಾಲಲ್ಲಿ ನಿಲ್ಲುವ ವೃಕ್ಷಾಸನ ಎರಡು ಸಲ ಮಾಡಲು ಆಗದೆ ಅದನ್ನು ಪಾಲು ಮಾಡಿಕೊಂಡಿದ್ದಳು. ಎಡಗಾಲು ಅವಳದು, ಬಲಗಾಲು ನನ್ನದು. ಇದನ್ನೆಲ್ಲ ದಿನಾ ಬಂದು ನನಗೆ ಒಪ್ಪಿಸುವಳು. ಬೇರೆ ಕಾಲವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಆಗ ಹೂಂಗುಟ್ಟಿ ಮಗ್ಗುಲು ಬದಲಿಸುತ್ತಿದ್ದೆ, ಅಷ್ಟೆ.

ಮುಂದಿನ ಸಲ ತರೀಕೆರೆಗೆ ನನ್ನ ಜೊತೆ ಬಂದದ್ದು ಅವಳೇ. ಯೋಗ ಹೇಗೆ ನಡೀತಿದೆ ಎಂದು ಡಾಕ್ಟರು ಕೇಳಿದರು.

"ಒಂದಿನಾನೂ ತಪ್ಪಿಲ್ಲ ಸಾರ್" ಎಂದಳು ಅಕ್ಕ.

"ತುಂಬಾ ಒಳ್ಳೇದು. ಮಾತ್ರೆ?"

"ಅದನ್ನ ಇವಳು ನುಂಗ್ತಾಳೆ, ಯೋಗ ನಾನು ಮಾಡ್ತೀನಿ. ಎರಡೂ ಜೊತೆಜೊತೆಗೇ ನಡೀತಿದೆ."

ಡಾಕ್ಟರು ಪೆನ್ನು ಕೆಳಗಿಟ್ಟರು. ಒಮ್ಮೆ ಅವಳನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಆಮೇಲೆ ನಗು ತಡೆದುಕೊಂಡು, "ಇಲ್ಲಮ್ಮಾ, ಯೋಗಾನೂ ಇವರೇ ಮಾಡಬೇಕು. ನೀವು ಮಾಡಿದ್ದು ನಿಮ್ಮ ಮೈಗೇ ಹತ್ತುತ್ತೆ" ಎಂದರು.

ಇದ್ದರೂ ಇರಬಹುದು, ಇತ್ತೀಚೆಗೆ ತನ್ನ ಮಂಡಿ ನೋವು ಪೂರ್ತಿ ಹೋಗಿದೆ ಎಂದು ಅಕ್ಕ ಒಪ್ಪಿಕೊಂಡಳು. ಆದರೆ ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಟಿಕೆಟ್ಟನ್ನು ಮಡಿಸುತ್ತಾ ಬಿಚ್ಚುತ್ತಾ ಕೂತಿದ್ದಳು. "ಹಂಗಾದ್ರೆ ನಾನು ಇಷ್ಟು ದಿನ ಮಾಡಿದ್ದು ನಿಂಗೆ ತಲುಪ್ಲೇ ಇಲ್ವೇನೇ?" ಎಂದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ನನ್ನ ಸೆರಗಿನ ತುದಿಯನ್ನು ಅವಳ ಕೈಗಿಟ್ಟು ಕಿಟಕಿಯ ಕಡೆ ತಿರುಗಿದೆ.

ಮರುದಿನವೇ ಚಂಗನೆ ಎದ್ದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಏಳಲಿಲ್ಲ ಕಣ್ರೀ. ಏಳಬೇಕು ಅನ್ನಿಸಿದರೆ ಏಳಲು ಬರುವ ಕಾಯಿಲೆಯಾಗಿದ್ದರೆ ಡಾಕ್ಟರು ಯಾಕೆ ಬೇಕಿತ್ತು? ಅಕ್ಕನೂ ಡಾಕ್ಟರ ಮಾತನ್ನು ಪೂರ್ತಿ ನಂಬಿದ ಹಾಗಿರಲಿಲ್ಲ. ನನ್ನ ಪಾಲಿನದನ್ನು ಮಾಡುತ್ತಲೇ ಇದ್ದಳು. ಸ್ವಲ್ಪನಾದ್ರೂ ತಲುಪಿದ್ರೆ ತಲುಪ್ಲಿ ಎನ್ನುತ್ತಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಅವಳ ಕೂಗು ಕೇಳಲಿಲ್ಲ. ನಾನು ಮುಸುಕಿನೊಳಗೇ ಕಾದೆ. ಬಿಸಿಲೇರುತ್ತಿತ್ತು, ಕೂಗು ಬರಲಿಲ್ಲ. ಮಾತ್ರೆ ಅಷ್ಟರಲ್ಲಿ ಒಳಗೊಳಗೇ ಕೆಲಸ ಶುರುಮಾಡಿತ್ತೋ, ಭಯವೋ, ಅಂತೂ ಎದ್ದು ಬೀದಿ ದಾಟಿ ಹೋದೆ. ಅಕ್ಕ ನಡುಮನೆಯಲ್ಲಿ ಕಾಲು ಚಾಚಿ ಮಲಗಿದ್ದಳು. ಹಿಂದಿನ ಸಂಜೆ ಹೊಲದ ಬದುವಿನಲ್ಲಿ ಕಾಲು ಉಳುಕಿ ಪಾದ ಊದಿಕೊಂಡಿತ್ತು.

"ನೋಡೇ, ಇವತ್ತು ಇಬ್ರದೂ ತಪ್ಪೋಯ್ತು" ಎಂದು ಮುಖ ಸಣ್ಣಗೆ ಮಾಡಿದಳು.

"ನಿಂದು ನಾನು ಮಾಡ್ಬಿಟ್ಟು ಬತ್ತೀನಿ ಬಿಡಕ್ಕ" ಎಂದೆ. ಯೋಚನೆ ಮಾಡಿ ಆಡಿದ ಮಾತಲ್ಲ. ಮುಯ್ಯಿ ತಪ್ಪಿಸಿ ಗೊತ್ತಿಲ್ಲದ ಬಾಯಿ, ತಾನೇ ಆಡಿಬಿಟ್ಟಿತು.

"ನೆಟ್ಟಗೆ ಮಾಡು. ಅಲ್ಲಿ ನಂಗೊಂದು ಹೆಸ್ರಿದೆ" ಎಂದು ಅಕ್ಕ ಎಚ್ಚರಿಸಿ ಕಳಿಸಿದಳು.

ತಡವಾಗಿ ಹೋದವಳನ್ನು ಮೇಷ್ಟ್ರು ಏನೂ ಕೇಳದೆ ಅಕ್ಕನ ಜಾಗದಲ್ಲಿ ನಿಲ್ಲಿಸಿದರು. ಬಗ್ಗಿದರೆ ಮೂಳೆಗಳೆಲ್ಲ ಲಟಲಟ ಅಂದವು. ಕಣ್ಣು ಕತ್ತಲೆ ಬಂತು. ನನ್ನದಾಗಿದ್ದರೆ ಅಲ್ಲೇ ಬಿಟ್ಟು ಬರುತ್ತಿದ್ದೆ. ಅಕ್ಕನದು, ಬಿಡುವ ಹಾಗಿಲ್ಲ. ಹಲ್ಲು ಕಚ್ಚಿ ಮುಗಿಸಿದೆ.

ಹಿಂದಿರುಗಿದಾಗ ಅಕ್ಕ ಬಾಗಿಲ ಕಡೆಯೇ ಕಣ್ಣಿಟ್ಟಿದ್ದಳು.

"ನಂದು ಆಯ್ತಾ?"

"ಆಯ್ತು."

"ಮತ್ತೆ ಇಷ್ಟೊತ್ತು ಏನ್ ಮಾಡ್ದೆ? ನನ್ನೊಬ್ಳದಕ್ಕೆ ಇಷ್ಟೊತ್ತು ಹಿಡಿಯಲ್ಲ."

"ಹೆಂಗೂ ಹೋಗಿದ್ನಲ್ಲಕ್ಕ, ನಂದೂ ಮಾಡ್ಬಿಟ್ಟು ಬಂದೆ."

ಅಕ್ಕ ನನ್ನನ್ನೇ ನೋಡಿದಳು. ನನ್ನ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡು ಹೋ ಎಂದು ಅಳತೊಡಗಿದಳು. ಅವಳ ಸೊಸೆ ಅಡುಗೆಮನೆಯಿಂದ ಓಡಿಬಂದು, "ಕಾಲು ಅಷ್ಟೊಂದು ನೋಯ್ತಾ ಇದ್ಯಾ ಅತ್ತೆ?" ಎಂದು ಕೇಳಿದಳು.

"ಹೂಂ ಕಣೇ, ಬಾಳ ನೋಯ್ತಾ ಇದೆ" ಎಂದಳು ಅಕ್ಕ, ನನ್ನ ಕೈ ಬಿಡದೆ.