ಪ್ಯಾಟಿ ಮಳಿ ನಮಗ ಬ್ಯಾಡ

ಉಗರಗೋಳದಲ್ಲಿ ನನ್ನದು ಚಹಾದ ಅಂಗಡಿ. ಪಕ್ಕದಲ್ಲೇ ಕಾಯಿ, ಭಂಡಾರದ ಅರಿಶಿನ ಮಾರುವ ರಾಚವ್ವನ ಅಂಗಡಿ. ಯಲ್ಲಮ್ಮನ ಗುಡ್ಡಕ್ಕೆ ಹೊರಟವರು ಅವಳ ಹತ್ತಿರ ತೆಂಗಿನಕಾಯಿ ಕೊಳ್ಳುತ್ತಾರೆ, ನನ್ನ ಹತ್ತಿರ ಚಹಾ ಕುಡಿಯುತ್ತಾರೆ, ನಮ್ಮಿಬ್ಬರ ಜಗಳವನ್ನು ಪುಕ್ಕಟೆ ನೋಡಿ ಹೋಗುತ್ತಾರೆ. ವೀರಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲಿ ಎಂದು ಊರೆಲ್ಲ ನನ್ನನ್ನು ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ. ರಾಚವ್ವನ ಮುಂದೆ ನನ್ನದೇನು ಸಿಟ್ಟು!

ಅವಳ ಸಿಟ್ಟಿಗೆ ಕಾರಣವೂ ಇತ್ತು. ಎರಡು ವರ್ಷದ ಹಿಂದೆ, ಜೂನಿನ ಮಿರಗದ ಮಳೆಯ ದಿನಗಳಲ್ಲಿ, ನಮ್ಮೆಲ್ಲರ ಮೊಬೈಲಿಗೆ ಹವಾಮಾನ ಕಚೇರಿಯಿಂದ ಒಂದು ಸಂದೇಶ ಬಂತು: "ನಿಮ್ಮ ಭಾಗದಲ್ಲಿ ಉತ್ತಮ ಮಳೆಯಾಗಿದೆ. ಹೆಸರುಕಾಳು ಬಿತ್ತನೆಗೆ ಸಕಾಲ." ಹೊರಗೆ ನೋಡಿದರೆ ನನ್ನ ಚಹಾದ ಕಪ್ಪಿನೊಳಗೆ ದಾರಿಯ ಧೂಳು ಬೀಳುತ್ತಿತ್ತು. ಮಳೆ ಬಿದ್ದದ್ದು ಗುಡ್ಡದ ಆಚೆ, ಪೇಟೆಯ ಕಡೆಗೆ. ಅಲ್ಲಿ ಅಳೆದ ಮಳೆಯ ಬಣ್ಣವನ್ನೇ ನಕ್ಷೆಯಲ್ಲಿ ನಮ್ಮ ಊರಿಗೂ ಬಳಿದಿದ್ದರು. ರಾಚವ್ವ ಸಂದೇಶ ನಂಬಿ, ನಮಗೂ ಹಿಂದೆಯೇ ಮಳೆ ಬಂದೇ ಬರುತ್ತದೆಂದು ತನ್ನ ಹೊಲದ ಒಣ ಮಣ್ಣಿನಲ್ಲೇ ಬಿತ್ತಿದಳು. ಬೀಜವನ್ನೆಲ್ಲ ಇರುವೆಗಳು ಹೊತ್ತೊಯ್ದವು.

ಮುಂದೆ ರೈತರ ಸಭೆಯೊಂದರಲ್ಲಿ ಸೆರಗು ಸಿಕ್ಕಿಸಿ ಎದ್ದು ನಿಂತಳು. "ಪ್ಯಾಟ್ಯಾಗ ಬಿದ್ದ ಮಳಿ ನಮ್ಮ ಹೆಸರಿಗ್ಯಾಕ ಬರೀತೀರಿ? ಮಂದಿ ಮನ್ಯಾಗ ಹೋಳಿಗಿ ಮಾಡಿದ್ರ ನಮ್ಮ ಹೊಟ್ಟಿ ತುಂಬತೈತೇನ್ರಿ?"

ಸಭೆಯೆಲ್ಲ ನಕ್ಕಿತು. ಆ ಕಚೇರಿಯಲ್ಲಿ ಮಳೆಯ ನಕ್ಷೆ ಮಾಡುವ ಸಂದೀಪ ಎಂಬ ಹುಡುಗ ಸಾಹೇಬ ಮಾತ್ರ ನಗಲಿಲ್ಲ. "ಖರೇ ಐತ್ರಿ ಅವ್ವಾರ. ಗುಡ್ಡ ಅಡ್ಡ ಬಂದ್ರ ಮೋಡ ಆ ಕಡೆ ಸುರುವಿ, ಈ ಕಡೆ ಬರೇ ನೆರಳ ಹಾಕ್ಕೋತ ಹೋಗತಾವ. ನಿಮ್ಮ ಕಡೆ ದಿನಾ ಅಳತಿ ಸಿಕ್ರ ನಕ್ಷೆದಾಗ ಬ್ಯಾರೆ ಬಣ್ಣ ಹಾಕತೇನಿ. ಆದ್ರ ಅಳಿಯವ್ರು ಯಾರು?"

"ಯಾಕ, ನಾ ಸತ್ತೇನೇನು?" ಎಂದಳು ರಾಚವ್ವ.

ಹೋದ ವರ್ಷದ ಮಿರಗಕ್ಕೆ ಅವಳ ಹಿತ್ತಿಲಲ್ಲಿ ಮಳೆ ಅಳೆಯುವ ಡಬ್ಬಿ ಬಂದು ಕೂತಿತು. ಮೇಲೆ ಅಗಲ ಬಾಯಿಯ ಆಲಿಕೆ, ಒಳಗೆ ಬಾಟಲಿ, ಅಳೆಯಲಿಕ್ಕೆ ಗೆರೆ ಹಾಕಿದ ಗಾಜಿನ ಲೋಟ. ಸಂದೀಪ ಹೇಳಿದ್ದು ಇಷ್ಟು: ಒಂದು ಮಳೆಗಾಲ ನೋಡುತ್ತೇವೆ. ಲೆಕ್ಕ ನಂಬುವಂತಿದ್ದರೆ ಉಗರಗೋಳಕ್ಕೆ ಅದರದೇ ಬಣ್ಣ. ಇಲ್ಲದಿದ್ದರೆ ಡಬ್ಬಿ ವಾಪಸು, ಮತ್ತೆ ಪೇಟೆಯ ಮಳೆಯೇ ಗತಿ.

ಅಬ್ಬಬ್ಬಾ, ಆ ಡಬ್ಬಿಯ ದಿಮಾಕು! ಅದರ ಹತ್ತಿರ ಕೋಳಿ ಸುಳಿಯುವಂತಿಲ್ಲ. ಸೊಸೆ ಮಾಲಾ ಅಲ್ಲಿ ಸೀರೆ ಒಣಹಾಕುವಂತಿಲ್ಲ, ಸೀರೆಯ ನೀರು ಒಳಗೆ ಸಿಡಿದೀತು. ದಿನಾ ಮುಂಜಾನೆ ಎಂಟೂವರೆಗೆ ಗಿರಾಕಿಯನ್ನು ಹಾಗೇ ನಿಲ್ಲಿಸಿ ಹಿತ್ತಿಲಿಗೆ ಓಡುವಳು. ಮಳೆ ಇಲ್ಲದ ದಿನವೂ ಹೋಗಿ ನೋಡಿ, "ಇವತ್ತ ಏನೂ ಇಲ್ರಿ" ಎಂದು ಸಂದೀಪನಿಗೆ ಫೋನು ಮಾಡುವಳು. "ಏನೂ ಇಲ್ಲ ಅನ್ನಾಕ ಫೋನ್ ಯಾಕ?" ಎಂದು ನಾನು ಕೆಣಕಿದರೆ, "ಇಲ್ಲದ್ದನ್ನ ಇಲ್ಲ ಅನ್ನೂದ ನನ್ನ ಕೆಲಸ, ವೀರಪ್ಪಣ್ಣಾ. ನೀ ಚಾ ಸೋಸು" ಎನ್ನುವಳು.

ಹೀಗೆ ಎಲ್ಲ ಸರಿಯಾಗಿ ನಡೆದಿರುವಾಗ ದಸರೆಯ ಖಂಡೇಪೂಜೆ ಬಂತು. ಆ ದಿನ ನಮ್ಮಲ್ಲಿ ಕುಡಗೋಲು, ಕೂರಿಗೆ, ಟ್ರ್ಯಾಕ್ಟರು, ನನ್ನ ಚಹಾದ ಕಿಟ್ಲಿ, ಎಲ್ಲಕ್ಕೂ ವಿಭೂತಿ ಹಚ್ಚಿ ಕೈಮುಗಿಯುತ್ತೇವೆ. ಮಳೆಗಾಲವಿಡೀ ದುಡಿದ ಡಬ್ಬಿಯನ್ನು ರಾಚವ್ವ ಬಿಟ್ಟಾಳೆಯೇ? ವಿಭೂತಿ ಬಳಿದಳು, ಕುಂಕುಮ ಹಚ್ಚಿದಳು, ಆಲಿಕೆಯ ಬಾಯಿತುಂಬ ಚೆಂಡುಹೂವು ಏರಿಸಿದಳು, ಆರತಿ ಬೆಳಗಿದಳು. ಸಂಜೆ ಹಸ್ತಾ ಮಳೆ ಹೊಡೆಯಿತು ನೋಡಿ! ಗುಡ್ಡದ ಆಚೆ-ಈಚೆ ಎನ್ನದೆ ಸುರಿಯಿತು. ಹಿಂಗಾರಿಗೆ ಹದವಾಯಿತೆಂದು ಊರೆಲ್ಲ ಕುಣಿಯಿತು.

ಮರುದಿನ ಮುಂಜಾನೆ ಹಿತ್ತಿಲಿಂದ ರಾಚವ್ವ ಕೂಗಿಕೊಂಡದ್ದು ಕೇಳಿ ಓಡಿದೆ. ಹೂವೂ ನೆನೆದ ವಿಭೂತಿಯೂ ಸೇರಿ ಆಲಿಕೆಯ ಕೊರಳಿಗೆ ಬೂಚು ಬಡಿದಿತ್ತು. ನೀರು ಮೇಲೆಯೇ ತುಂಬಿ ನೆಲಕ್ಕೆ ಚೆಲ್ಲಿಹೋಗಿತ್ತು. ಬಾಟಲಿಯ ತಳ ಸಹ ಸರಿಯಾಗಿ ತೊಯ್ದಿರಲಿಲ್ಲ. ಮಳೆಗಾಲದ ದೊಡ್ಡ ಮಳೆಯೇ ಅಳತೆಗೆ ತಪ್ಪಿತ್ತು. ರಾಚವ್ವ ಕೆಸರಿನಲ್ಲೇ ಕುಕ್ಕರಿಸಿ ಕೂತಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು.

ಪಂಚಾಯಿತಿ ಮೆಂಬರ ಸಂಗಪ್ಪನೂ ಬಂದ. "ಇಷ್ಟಕ್ಕ ಯಾಕ ಅಳತೀ ಯವ್ವಾ? ಪ್ಯಾಟ್ಯಾಗ ಎಷ್ಟ ಬಿದ್ದೈತಿ ಕೇಳು, ಅದನ್ನ ಹೇಳಿಬಿಡು. ನಿನ್ನಿ ಎರಡೂ ಕಡೆ ಒಂದ ಮಳಿ. ಯಾರಿಗೆ ತಿಳೀತೈತಿ?"

ರಾಚವ್ವ ದಡಕ್ಕನೆ ಎದ್ದಳು. "ಪ್ಯಾಟಿ ಮಳಿ ನಮಗ ಬರೀಬ್ಯಾಡ್ರಿ ಅಂತ ಊರ ಮುಂದ ಜಗಳಾಡಿದಾಕಿ ನಾನು. ಈಗ ನಾನ ನನ್ನ ಕೈಯಾರೆ ಬರಸಲೇನು?"

ಅಲ್ಲೇ ನಿಂತು, ಸ್ಪೀಕರ್ ಹಚ್ಚಿ ಸಂದೀಪನಿಗೆ ಫೋನು ಮಾಡಿದಳು. "ಸಾಹೇಬ್ರ, ನಿನ್ನಿ ಖಂಡೇಪೂಜಾ ಮಾಡಾಕ ಹೋಗಿ ಡಬ್ಬಿ ಬಾಯಿ ಕಟ್ಟಿಬಿಟ್ಟೇನ್ರಿ. ಹೂವು ಸಿಕ್ಕೊಂಡಾವ."

"ಹಂಗಾರ ಸೊನ್ನಿ ಅಂತ ಬರ್ಕೊಳ್ಳೇನ್ರಿ?"

"ಸೊನ್ನಿ ಹೆಂಗ್ರಿ? ಮಳಿ ಬಂದೈತಿ. ಎಷ್ಟಂತ ನನಗ ಗೊತ್ತಿಲ್ಲ. ಹಂಗ ಬರ್ಕೊರಿ."

ಆ ಕಡೆಯಿಂದ "ಆತ್ರಿ" ಎಂದಷ್ಟೇ ಕೇಳಿಸಿತು. ಫೋನು ಕಟ್ಟಾಯಿತು. ಡಬ್ಬಿಯ ಕಥೆ ಮುಗಿಯಿತೆಂದೇ ನಾನು ತಿಳಿದೆ.

ದೀಪಾವಳಿ ಕಳೆದ ಮೇಲೆ ಸಂದೀಪನ ಗಾಡಿ ಬಂತು. ಹಿಂದೆ ಗುದ್ದಲಿ, ಹಾರೆ. ಅವನು ಇಳಿಯುವ ಮೊದಲೇ ರಾಚವ್ವ ಶುರು ಮಾಡಿದಳು: "ಒಯ್ಯಾಕ ಬಂದ್ರೇನು? ಒಯ್ಯಿರಿ! ತೊಳದು ಇಟ್ಟೇನಿ."

"ಒಯ್ಯಾಕಲ್ರಿ ಅವ್ವಾರ, ಸುತ್ತ ಬೇಲಿ ಹಾಕಾಕ ಬಂದೇನಿ. ಇದು ಇನ್ನ ಇಲ್ಲೇ ಇರತೈತಿ."

ಸಂದೀಪ ಮೊಬೈಲಿನಲ್ಲಿ ನಕ್ಷೆ ತೆರೆದು ತೋರಿಸಿದ. ಗುಡ್ಡದ ಆಚೆ ಕಡುಹಸಿರು, ಈಚೆ ನಮ್ಮ ಊರಿಗೆ ತಿಳಿಹಳದಿ. "ಖಂಡೇಪೂಜಾ ಮರುದಿನದ ಲೆಕ್ಕಾ ಖಾಲಿ ಬಿಟ್ಟೇನ್ರಿ. ಗೊತ್ತಿಲ್ಲ ಅಂತ ಹೇಳೂ ಮಂದಿ ಹೇಳಿದ ಉಳದ ಲೆಕ್ಕಾ ನಾ ಕಣ್ಣ ಮುಚ್ಚಿ ನಂಬತೇನಿ."

ಈ ವರ್ಷ ಮತ್ತೆ ಮಿರಗದ ದಿನಗಳು ಬಂದವು. ಗುಡ್ಡದ ಆಚೆ ಗುಡುಗಿತು, ನಮಗೆ ಬರೀ ನಾಲ್ಕು ಹನಿ. ಮರುದಿನ ಎಲ್ಲರ ಮೊಬೈಲೂ ಟಿಣ್ ಎಂದಿತು: "ಉಗರಗೋಳ: ಮಳೆ ಸಾಲದು. ಬಿತ್ತನೆಗೆ ಕಾಯಿರಿ." ರಾಚವ್ವ ಅದನ್ನು ಅಂಗಡಿಯ ಮುಂದೆ ನಿಂತು ಗಟ್ಟಿಯಾಗಿ ಓದಿದಳು, ಮತ್ತೊಮ್ಮೆ ಓದಿದಳು, ಸಕ್ಕರೆಯ ಡಬ್ಬಿ ತಂದು ಕಂಡಕಂಡವರ ಕೈಗೆ ಹಾಕತೊಡಗಿದಳು. ನಾನು ಪುಕ್ಕಟೆ ಚಹಾ ಕೊಟ್ಟೆ. ಅದನ್ನು ನೋಡಿ ಊರವರು ಅವಳ ಸಕ್ಕರೆಗಿಂತ ಹೆಚ್ಚು ಬೆರಗಾದರು.

ಗುಡ್ಡಕ್ಕೆ ಹೊರಟಿದ್ದ ಯಾರೋ ಕೇಳಿದರು, "ಏನ್ರಿ ಅವ್ವಾರ, ಛಲೋ ಮಳಿ ಬಂತೇನು?"

"ಇಲ್ರೀ!" ಎಂದು ರಾಚವ್ವ ಕೂಗಿದಳು. "ನಮಗ ಬಂದಿಲ್ಲ ಅಂತ ಬರದಾರ!"

ಎಂಟು ದಿನ ಕಾದೆವು. ನಮ್ಮ ಮಳೆ ಬಂತು, ಬಿತ್ತಿದೆವು. ಈ ಸಲ ಇರುವೆಗಳಿಗೆ ಏನೂ ಸಿಗಲಿಲ್ಲ.